ಒಂಬತ್ತು ಚೀಲ ಮಣ್ಣು

"ಗುರುಗಳೇ, ಮನೆ ಕೊಳ್ಳುವ ಮೊದಲು ಮನಸ್ಸನ್ನು ಹೇಗೆ ಸಿದ್ಧ ಮಾಡಿಕೊಳ್ಳಬೇಕು?" ಎಂದು ನಿರ್ವಾಣಪ್ಪ ಕೇಳಿದ.

ಅವನು ಅಂಚೆ ಕಚೇರಿಯ ಗುಮಾಸ್ತ. ಬಹಳ ವರ್ಷಗಳಿಂದ ಗುರುಗಳ ಬಳಿಗೆ ಬರುತ್ತಿದ್ದ. ಆತ್ಮ, ಪರಮಾತ್ಮ ಬಿಟ್ಟು ಬೇರೆ ಯಾವ ವಿಷಯವನ್ನೂ ಕೇಳಿದವನಲ್ಲ. ಗುರುಗಳಿಗೆ ಖುಷಿಯಾಯಿತು.

"ಅಂತೂ ಕೆಲಸಕ್ಕೆ ಬರುವ ಪ್ರಶ್ನೆ ಕೇಳಿದೆ. ಮನೆ ನೋಡಿದ್ದೀಯೇನು?"

"ಹದಿನಾಲ್ಕು ನೋಡಿದೆ. ಕೊನೆಯದು ಎಲ್ಲ ರೀತಿಯಲ್ಲೂ ಹೊಂದುತ್ತದೆ. ಇವತ್ತು ಸಂಜೆಯೊಳಗೆ ಒಪ್ಪಿಕೊಳ್ಳದಿದ್ದರೆ ಬೇರೆಯವರಿಗೆ ಕೊಡುತ್ತಾರಂತೆ. ಆದರೆ ನನ್ನ ಬಾಯಿಂದ ಹೂಂ ಎನ್ನುವ ಮಾತೇ ಬರುತ್ತಿಲ್ಲ."

"ನಿನ್ನ ಹೆಂಡತಿ ಏನನ್ನುತ್ತಾಳೆ?"

ನಿರ್ವಾಣಪ್ಪ ತಲೆ ತಗ್ಗಿಸಿದ. "ಆ ಮನೆ ನೋಡಲು ಹೋದಾಗ ಅವಳು ಗೋಡೆ ಮುಟ್ಟಿ, ಇಲ್ಲಿ ಮೊಳೆ ಹೊಡೆದು ಕನ್ನಡಿ ತೂಗುಹಾಕಬಹುದು ಅಂದಳು. ಮೊಳೆಗಿಳೆಯ ಮಾತು ಎತ್ತಬೇಡ ಎಂದು ಗದರಿಬಿಟ್ಟೆ. ಆಮೇಲೆ ಅವಳು ಮನೆಯ ಸುದ್ದಿಯನ್ನೇ ಆಡಿಲ್ಲ."

"ಈಗ ಕನ್ನಡಿ ಎಲ್ಲಿದೆ?"

"ಟ್ರಂಕಿನ ಮೇಲೆ, ಗೋಡೆಗೆ ಒರಗಿಸಿ ಇಟ್ಟಿದ್ದೇವೆ. ಬಾಡಿಗೆ ಮನೆಯಲ್ಲವೇ? ಗೋಡೆಗೆ ಮೊಳೆ ಹೊಡೆದರೆ ಮನೆಯೊಡೆಯ ಸುಮ್ಮನಿರುವುದಿಲ್ಲ. ಮದುವೆಯಾದಾಗಿನಿಂದ ಹಾಗೇ ಇದೆ. ಅವಳು ಬಗ್ಗಿ ನೋಡಿಕೊಂಡು ತಲೆ ಬಾಚುತ್ತಾಳೆ."

 ಗುರುಗಳು ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನದು ಕುಣಿಮಗ್ಗ. ಮನೆಯ ನೆಲದಲ್ಲಿ ಮೊಣಕಾಲುದ್ದ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಸ್ವಂತ ಮನೆ ಇದ್ದವನಿಗೆ ಇದು ದೊಡ್ಡ ಸಂಗತಿಯಲ್ಲ. ನೇಕಾರ ಬಾಡಿಗೆ ಮನೆಯಲ್ಲಿದ್ದ.

ಮೊದಲ ಮನೆಯಲ್ಲಿ ಅವನು ಕುಣಿ ತೋಡಿ, ಬಂದ ಮಣ್ಣನ್ನು ಬೀದಿಯ ತಗ್ಗಿಗೆ ಸುರಿದ. ಮೂರು ವರ್ಷದ ಮೇಲೆ ಮನೆ ಬಿಡುವ ದಿನ ಮನೆಯೊಡೆಯ ಬಂದು ಗಾಡಿ ತಡೆದ. ಕುಣಿ ಮುಚ್ಚಿ ನೆಲ ಸಾರಿಸುವ ತನಕ ಗಾಡಿ ಅಲುಗಬಾರದು ಎಂದ. ಊರಾಚೆಯ ಕೆರೆಯಿಂದ ನೇಕಾರ ಬುಟ್ಟಿಯಲ್ಲಿ ಮಣ್ಣು ಹೊತ್ತ. ಅವನ ಹೆಂಡತಿ ಪಾತ್ರೆಗಳ ನಡುವೆ ಗಾಡಿಯ ಮೇಲೆ ಕೂತೇ ಇದ್ದಳು. ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಆ ಅವಮಾನ ಅವನ ಎದೆಯಲ್ಲಿ ಕೂತುಬಿಟ್ಟಿತು.

ಅಲ್ಲಿಂದ ಮುಂದೆ ಅವನು ಹುಷಾರಾದ. ಯಾವ ಮನೆಗೆ ಹೋದರೂ ಕುಣಿಯಿಂದ ತೆಗೆದ ಮಣ್ಣನ್ನು ಚೀಲಗಳಲ್ಲಿ ತುಂಬಿ ಮೂಲೆಯಲ್ಲಿ ಒಟ್ಟಿದ. ಒಂಬತ್ತು ಚೀಲ ಆಗುತ್ತಿತ್ತು. ಬಿಡುವ ದಿನ ಅದೇ ಮಣ್ಣನ್ನು ಕುಣಿಗೆ ಸುರಿದು, ತುಳಿದು, ಸಗಣಿಯಿಂದ ಸಾರಿಸಿ ತಲೆಯೆತ್ತಿ ಹೊರಡುತ್ತಿದ್ದ. ಹೀಗೆ ನಾಲ್ಕು ಮನೆ ಆಯಿತು. ಇರುವುದೇ ಒಂದೂವರೆ ಕೋಣೆ, ಅದರಲ್ಲಿ ಒಂಬತ್ತು ಚೀಲ. ಅವನ ಹೆಂಡತಿ ಚೀಲಗಳ ಪಕ್ಕದಲ್ಲೇ ಒಲೆ ಹೂಡಿದಳು, ಚೀಲಗಳ ಪಕ್ಕದಲ್ಲೇ ಹೆತ್ತಳು.

ಐದನೆಯ ಮನೆಯೊಡೆಯ ಯುಗಾದಿಯೊಳಗೆ ಮನೆ ಖಾಲಿ ಮಾಡಲು ಹೇಳಿದ. ಆಗ ನೇಕಾರ, ಇನ್ನು ಸಾಕು, ಸ್ವಂತ ಮನೆ ಕೊಳ್ಳುತ್ತೇನೆ ಎಂದ. ಕೂಡಿಟ್ಟದ್ದು ಇತ್ತು. ಹೆಂಡತಿಗೆ ಹಿಗ್ಗೋ ಹಿಗ್ಗು. ಅವನು ದಿನವೂ ಮನೆ ನೋಡಲು ಹೋಗುತ್ತಿದ್ದ, ದಿನವೂ ಮುಖ ಸಪ್ಪೆ ಮಾಡಿಕೊಂಡು ಬರುತ್ತಿದ್ದ. ಏನಾಯಿತು ಎಂದು ಕೇಳಿದರೆ ಒಂದೇ ಉತ್ತರ. ಇಕ್ಕಟ್ಟು.

ಹೆಂಡತಿಗೆ ಸೋಜಿಗವಾಯಿತು. ತಾವಿರುವ ಮನೆಗಿಂತ ಇಕ್ಕಟ್ಟಾದ ಮನೆ ಊರಲ್ಲಿ ಎಲ್ಲಿದೆ? ಯುಗಾದಿಗೆ ಎಂಟು ದಿನ ಉಳಿದಾಗ ಅವಳು, ಇವತ್ತು ನಾನೂ ಬರುತ್ತೇನೆ ಎಂದು ಹೊರಟಳು.

ಆ ಮನೆಗೆ ಎರಡು ಕೋಣೆ, ಒಂದು ಪಡಸಾಲೆ, ಹಿಂದೆ ಹಿತ್ತಿಲು. ನೇಕಾರ ಪಡಸಾಲೆಯಲ್ಲಿ ಕೂತು ಬೆಳಕು ನೋಡಿದ. ಚೆನ್ನಾಗಿತ್ತು. ಹಿಮ್ಮಡಿಯಿಂದ ನೆಲ ಕುಟ್ಟಿ ನೋಡಿದ. ತೋಡಲು ಹದವಾಗಿತ್ತು. ಕೋಲು ಹಿಡಿದು ಮಗ್ಗದ ಜಾಗ ಅಳೆದ, ಒಲೆಯ ಜಾಗ ಅಳೆದ, ಮಲಗುವ ಜಾಗ ಅಳೆದ. ಕೊನೆಗೆ ಮೂಲೆಗೆ ಹೋಗಿ ಇನ್ನೂ ಏನನ್ನೋ ಅಳೆದು ತಲೆಯಾಡಿಸಿದ.

"ಇಕ್ಕಟ್ಟಾಗತೈತಿ. ಮಗ್ಗದ ಬಾಜೂಕ ಒಂಬತ್ತು ಚೀಲ ಹಿಡಿಯೂದಿಲ್ಲ."

"ಯಾವ ಚೀಲಾರೀ?"

"ಮಣ್ಣಿನ ಚೀಲ. ಮನಿ ಬಿಡೂ ಮುಂದ ಕುಣಿ ಮುಚ್ಚಬೇಕಲ್ಲ?"

ಹೆಂಡತಿ ಅವನ ಮುಖ ನೋಡಿದಳು. ನಗು ಬಂತು, ಅದರ ಹಿಂದೆಯೇ ಅಳು ಬಂತು.

"ಮುಚ್ಚು ಅಂತ ನಿಮಗ ಹೇಳಾವ್ರು ಯಾರ್ರೀ?"

ನೇಕಾರ ಬಾಗಿಲ ಕಡೆ ತಿರುಗಿದ. ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ. ಅವನ ಕೈಯಿಂದ ಕೋಲು ಜಾರಿತು. 

ಅವನು ಆ ಮನೆಯನ್ನು ಕೊಂಡ. ಯುಗಾದಿಯ ಮುಂಚಿನ ದಿನ ಕುಣಿ ತೋಡಿದ. ಅಭ್ಯಾಸಬಲದಿಂದ ಮಣ್ಣನ್ನು ಚೀಲಗಳಿಗೆ ತುಂಬಿದ. ಆಮೇಲೆ ನೆನಪಾಗಿ, ಒಂದೊಂದನ್ನೇ ಹಿತ್ತಿಲಿಗೆ ಒಯ್ದು ಸುರಿದ. ಎಂಟು ಸುರಿದ. ಒಂಬತ್ತನೆಯದಕ್ಕೆ ಕೈ ಬರಲಿಲ್ಲ. ಅದನ್ನು ಮೂಲೆಯಲ್ಲಿ ಇಟ್ಟುಕೊಂಡ. ಹೆಂಡತಿ ಕಂಡೂ ಕಾಣದವಳಂತೆ ಇದ್ದಳು. ಎಂಟು ಚೀಲದ ಮಣ್ಣಿನಲ್ಲಿ ಹೀರೆಬೀಜ ಊರಿದಳು. ಬಳ್ಳಿ ಎದ್ದು ಮಾಡಿನ ಮೇಲೆ ಹಬ್ಬಿತು. ಮಳೆಗೆ ಅದರ ಬುಡ ಕೊಚ್ಚಿಹೋದ ದಿನ ನೇಕಾರ ತಾನಾಗಿಯೇ ಒಂಬತ್ತನೆಯ ಚೀಲವನ್ನು ಹೊತ್ತು ತಂದು ಬುಡಕ್ಕೆ ಸುರಿದ.

ಗುರುಗಳು ಕತೆ ನಿಲ್ಲಿಸಿದರು.

ನಿರ್ವಾಣಪ್ಪ ಕಾದ. ಗುರುಗಳು ಮುಂದೆ ಹೇಳುವಂತೆ ಕಾಣಲಿಲ್ಲ. ಬಿಸಿಲು ಇಳಿಯುತ್ತಿತ್ತು. ಅವನಿಗೆ ಸಂಜೆಯ ಗಡುವಿನದೇ ಚಿಂತೆ.

"ಕತೆ ಚೆನ್ನಾಗಿದೆ ಗುರುಗಳೇ. ಆದರೆ ನನ್ನ ಮನಸ್ಸು ಸಿದ್ಧವಾಗಬೇಕಾದರೆ ನಾನು ಯಾವ ಧ್ಯಾನ ಮಾಡಲಿ? ಯಾವ ಮಂತ್ರ ಜಪಿಸಲಿ?"

ಗುರುಗಳು ನಕ್ಕರು.

"ಅಂಗಡಿಗೆ ಹೋಗಿ ಒಂದು ಮೊಳೆ ತಂದು ನಿನ್ನ ಹೆಂಡತಿಯ ಕೈಗೆ ಕೊಡು."