ಹಿತ್ತಲ ಬಾಗಿಲಿಗೆ ಬಂದ ಕೋಳಿ

“ಗುರುಗಳೇ, ಮನುಷ್ಯರೆಲ್ಲ ಒಂದೇ ಎಂದು ನಾನು ಊರೂರು ತಿರುಗಿ ಹೇಳುತ್ತಿದ್ದೇನೆ. ಜನ ಕೇಳುತ್ತಾರೆ, ಒಪ್ಪುತ್ತಾರೆ. ಆದರೂ ನೀವು ‘ಇನ್ನೂ ನಾಚುವುದನ್ನು ಕಲಿ’ ಎನ್ನುತ್ತೀರಿ. ಒಳ್ಳೆಯದನ್ನು ಮಾಡುವವನು ಏತಕ್ಕೆ ನಾಚಬೇಕು?” ಎಂದು ಶಿಷ್ಯ ಕೇಳಿದ.

ಗುರು ಈ ಕತೆ ಹೇಳಿದರು.

ಫ್ರಾನ್ಸ್ ದೇಶದಲ್ಲಿ ಫಿರ್ಮಾಂ ಎಂಬವನಿದ್ದ. ಅವನ ತಂದೆ ಧಣಿಯ ಹೊಲವನ್ನು ಪಾಲಿಗೆ ಉಳುವ ಒಕ್ಕಲು. ಬೆಳೆಯಲ್ಲಿ ಅರ್ಧ ಧಣಿಗೆ ಹೋಗುತ್ತಿತ್ತು. ಅದು ಸಾಲದೆಂದು, ಕ್ರಿಸ್‌ಮಸ್ ಬಂದರೆ ಕೊಬ್ಬಿದ ಕೋಳಿಗಳನ್ನು ಧಣಿಯ ಮನೆಗೆ ಮುಟ್ಟಿಸಬೇಕು. ಮುಂಬಾಗಿಲಿಗೆ ಹೋಗುವಂತಿಲ್ಲ. ಹಿತ್ತಲಲ್ಲಿ ಟೋಪಿ ತೆಗೆದು ನಿಲ್ಲಬೇಕು. ತಂದೆ ಹಾಗೆ ನಿಂತದ್ದು ಫಿರ್ಮಾಂನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಬೆಳೆದ ಮೇಲೆ ಅವನು ಸಮಾಜವಾದಿಗಳ ಜೊತೆ ಸೇರಿದ. ಸಣ್ಣ ರೈತರನ್ನು ಒಗ್ಗೂಡಿಸಿದ, ಅವರಿಗಾಗಿ ಜೈಲು ಕಂಡ. ರೈತರು ಅವನನ್ನು ಗೆಲ್ಲಿಸಿ ಸಂಸತ್ತಿಗೆ ಕಳಿಸಿದರು. ಧಣಿಗಳ ಕಡೆಯವರು ಕೂಗಾಡಿದರೂ ಅವನು ಕಾನೂನು ತಂದೇ ತಂದ: ಇನ್ನು ಮುಂದೆ ಒಕ್ಕಲು ಬಿಟ್ಟಿ ದುಡಿಯಬೇಕಿಲ್ಲ, ಕೋಳಿ ಕೊಡಬೇಕಿಲ್ಲ. ಊರಿಗೆ ಬಂದಾಗ ರೈತರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಆ ವರ್ಷ ಕ್ರಿಸ್‌ಮಸ್ಸಿಗೆ ಅವನು ಮನೆಯಲ್ಲಿದ್ದ. ಹಿತ್ತಲ ಬಾಗಿಲನ್ನು ಯಾರೋ ತಟ್ಟಿದರು. ಯಾವಾಗಲೂ ತೆರೆಯುತ್ತಿದ್ದ ಹೆಂಡತಿ ಒಲೆಯ ಮುಂದಿದ್ದಳು; ಅವನೇ ಹೋಗಿ ತೆರೆದ. ಮುದುಕನೊಬ್ಬ ಟೋಪಿಯನ್ನು ಕಂಕುಳಲ್ಲಿ ಇರುಕಿಕೊಂಡು, ಕಾಲು ಕಟ್ಟಿದ ಕೋಳಿಗಳನ್ನು ಹಿಡಿದು ನಿಂತಿದ್ದ. ಹೆಂಡತಿಗೆ ತವರಿನಿಂದ ಬಂದ ಹೊಲವನ್ನು ಪಾಲಿಗೆ ಉಳುವವನು ಅವನು.

“ಒಡೆಯಾ, ಒಂದು ಕೋಳಿ ಬಡಕಲಾಗಿದೆ. ಮನ್ನಿಸಬೇಕು” ಎಂದ ಮುದುಕ.

“ಕಾನೂನು ಬಂದದ್ದು ನಿನಗೆ ಗೊತ್ತಿಲ್ಲವೇ?”

“ಗೊತ್ತಿಲ್ಲದೆ ಏನು? ಅವತ್ತು ನಿಮ್ಮನ್ನು ಹೊತ್ತವರಲ್ಲಿ ನಾನೂ ಇದ್ದೆ.”

“ಮತ್ತೆ ಇದೇಕೆ?”

ಮುದುಕ ನೆಲ ನೋಡಿದ. “ನಮಗೋಸ್ಕರ ಜೈಲಿಗೆ ಹೋದವರು ನೀವು. ನಿಮ್ಮ ಕಾನೂನನ್ನು ನಿಮ್ಮ ಮನೆ ಬಾಗಿಲಲ್ಲೇ ನಿಂತು ನಿಮಗೆ ಹೇಳಲು ನಾಲಿಗೆ ಏಳಲಿಲ್ಲ.”

ಫಿರ್ಮಾಂ ಹೆಂಡತಿಯ ಕಡೆ ತಿರುಗಿದ. ಅವಳು ಕೈ ಒರೆಸಿಕೊಂಡು, “ಪ್ರತಿ ವರ್ಷ ಚಪ್ಪರಿಸಿ ಉಂಡಿರಿ. ಎಲ್ಲಿಂದ ಬಂತೆಂದು ಒಮ್ಮೆಯಾದರೂ ಕೇಳಿದಿರಾ?” ಎಂದಳು.

ಅವನು ಮುದುಕನ ಕೈಯಿಂದ ಕೋಳಿಗಳನ್ನು ತೆಗೆದುಕೊಂಡು, ಮುಂಬಾಗಿಲಿನಿಂದ ಹೊರಬಿದ್ದ. ಹಬ್ಬದ ಬಟ್ಟೆ ಉಟ್ಟ ಜನ ನೋಡುತ್ತಿದ್ದಂತೆ ಊರ ಬೀದಿಯಲ್ಲಿ ನಡೆದು ಅವನ್ನು ಮುದುಕನ ಗುಡಿಸಲಿಗೆ ಮುಟ್ಟಿಸಿದ. ಮುದುಕ ಉದ್ದಕ್ಕೂ “ಬೇಡ ಒಡೆಯಾ, ನನ್ನ ಮಾನ ಹೋಗುತ್ತದೆ” ಎನ್ನುತ್ತ ಹಿಂದೆ ಬಂದ. ಹೋಗುತ್ತಿದ್ದದ್ದು ಯಾರ ಮಾನವೆಂದು ಫಿರ್ಮಾಂಗೆ ತಿಳಿದಿತ್ತು.

ಮುಂದಿನ ಸಭೆಯಲ್ಲಿ ಅವನು ನಡೆದದ್ದನ್ನೆಲ್ಲ ರೈತರ ಮುಂದೆ ಹೇಳಿದ. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತ. ರೈತರು ಚಪ್ಪಾಳೆ ತಟ್ಟಿದರು; “ಎಂಥ ದೊಡ್ಡ ಮನಸ್ಸು!” ಎಂದರು. ತಪ್ಪು ಒಪ್ಪಿಕೊಂಡದ್ದಕ್ಕೂ ಹೊಗಳಿಕೆಯೇ ಸಿಕ್ಕಿತಲ್ಲ ಎಂದು ಅವನು ಇನ್ನಷ್ಟು ಕುಗ್ಗಿಹೋದ. ಸಾಯುವವರೆಗೂ ರೈತರಿಗಾಗಿ ದುಡಿದ. ಆದರೆ ಯಾರ ಮನೆಯಲ್ಲಿ ಊಟಕ್ಕೆ ಕುಳಿತರೂ ಮೊದಲ ತುತ್ತು ಅವನ ಗಂಟಲಲ್ಲಿ ಸಲೀಸಾಗಿ ಇಳಿಯುತ್ತಿರಲಿಲ್ಲ.

ಶಿಷ್ಯನ ಕಣ್ಣು ಒದ್ದೆಯಾಗಿತ್ತು. “ಪಾಪ, ಅವನಿಗೆ ತಿಳಿದಿರಲಿಲ್ಲ” ಎಂದ.

ಗುರು ಕೇಳಿದರು: “ಈಗ ತಾನೇ ಉಂಡು ಎದ್ದೆಯಲ್ಲ, ನಿನ್ನ ಎಂಜಲೆಲೆ ಎತ್ತಿದವರು ಯಾರು?”