ಕಾವಲಿಗೆ ನಿಂತ ಮೊಲ

ತೋಳಗಳು ಕುರುಚಲು ಕಾಡಿನ ಮೇಲೆ ಯುದ್ಧ ಸಾರಿದಾಗ, ಮನೆಗಾವಲಿನ ದಳಕ್ಕೆ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟದ್ದು ಮೊಲ. ದಳಪತಿ ಮುಳ್ಳುಹಂದಿ ನಿಯಮಗಳನ್ನು ಬಿಡಿಸಿ ಹೇಳುತ್ತಿದ್ದರೆ, ಅದು ಮಾತ್ರ ಕಾಡುಕೋಳಿಯ ಜೊತೆ ಸೇರಿ ಜೈಕಾರ ಹಾಕುವುದರಲ್ಲೇ ಮುಳುಗಿತ್ತು. ಅಷ್ಟುದ್ದದ ಕಿವಿಗೆ ಒಂದು ನಿಯಮವೂ ಬೀಳಲಿಲ್ಲ.

ಮರುದಿನ ಸಂಜೆ ದಿಬ್ಬದ ಮೇಲೆ ಕಾವಲಿಗೆ ನಿಂತಿದ್ದಾಗ ತೋಳಗಳು ಬಂದೇಬಿಟ್ಟವು. ಮೊಲದ ಎದೆ ಧಸಕ್ಕೆಂದಿತು. ಹಿಂಗಾಲು ತಾನೇ ತಾನಾಗಿ ನೆಲವನ್ನು ಧಪಧಪನೆ ಬಡಿಯಿತು. ಮರುಕ್ಷಣ ಅದು ಕಾಲಿಗೆ ಬುದ್ಧಿ ಹೇಳಿತು.

ತೋಳಗಳು ಬರಿಹೊಟ್ಟೆಯಲ್ಲಿ ಹಿಂದಿರುಗಿದ ಮೇಲೆ, ಮೊಲ ಪೊದೆಯಿಂದ ಹೊರಬಂದು ಮುಳ್ಳುಹಂದಿಯ ಮುಂದೆ ತಲೆತಗ್ಗಿಸಿ ನಿಂತಿತು. "ದಳಪತಿಗಳೇ, ಕಾವಲು ಬಿಟ್ಟು ಓಡಿದೆ. ಏನು ಶಿಕ್ಷೆ ಕೊಟ್ಟರೂ ಸರಿ."

"ಓಡುವ ಮೊದಲು ನೆಲ ಬಡಿದವನು ನೀನೇ ತಾನೇ?"

"ಹೌದು, ಹೆದರಿಕೆಗೆ ಬಡಿದೆ."

"ಯಾತಕ್ಕಾದರೂ ಬಡಿ. ಆ ಸದ್ದಿಗೇ ಮರಿಗಳೆಲ್ಲ ಬಿಲ ಸೇರಿ ಉಳಿದುಕೊಂಡವು. ಕಾವಲುಗಾರನು ಶತ್ರುವನ್ನು ಕಂಡೊಡನೆ ನೆಲ ಬಡಿಯತಕ್ಕದ್ದು, ಆಮೇಲೆ ಓಡತಕ್ಕದ್ದು, ಕಾದಾಡಕೂಡದು. ನಮ್ಮ ಮೊದಲ ನಿಯಮವೇ ಇದು. ಶಿಕ್ಷೆ ಆಗಬೇಕಾದ್ದು ಅಗೋ, ಅವನಿಗೆ!"

ಬಾಲದ ಗರಿಗಳನ್ನೆಲ್ಲ ಕಳೆದುಕೊಂಡ ಕಾಡುಕೋಳಿ ಮೂಲೆಯಲ್ಲಿ ಮುದುಡಿ ಕುಳಿತಿತ್ತು. ಶೌರ್ಯ ತೋರಿಸಲು ನಿಂತುಬಿಟ್ಟ ಅದನ್ನು ತೋಳದ ಬಾಯಿಂದ ಬಿಡಿಸಲು ಹೋಗಿ, ಮುಳ್ಳುಹಂದಿಯ ಅರ್ಧ ಮುಳ್ಳು ಉದುರಿದ್ದವು.

ಮೊಲಕ್ಕೆ ಹೋದ ಜೀವ ಬಂದಂತಾಯಿತು. ನೆಟ್ಟಗೆ ದಿಬ್ಬಕ್ಕೆ ಹೋಗಿ ಮತ್ತೆ ಕಾವಲಿಗೆ ನಿಂತಿತು. ಅಷ್ಟರಲ್ಲಿ ಎದುರಿನ ಹುಲ್ಲು ಅಲುಗಿತು. ಮೊಲ ಧಪಧಪನೆ ನೆಲ ಬಡಿದು ಓಡಿತು, ಈ ಸಲ ಎದೆಯುಬ್ಬಿಸಿಕೊಂಡು.