ಮರಳಲ್ಲಿ ನಿಂತ ಹುಟ್ಟುಗೋಲುಗಳು

“ಸಭೆಯ ದಿನ ಗೊತ್ತುಮಾಡುವುದನ್ನು ನೀನು ಆ ಅಧಿಕಾರಿಯ ಕೈಗೆ ಕೊಟ್ಟು ಬಂದೆ. ಅದೇ ತಪ್ಪು” ಎಂದರು ಗುರುಗಳು.

ಊರಿನ ಗೋಮಾಳವನ್ನು ಕಲ್ಲುಗಣಿಗೆ ಕೊಡಬೇಕೇ ಎಂದು ಗ್ರಾಮಸಭೆಯಲ್ಲಿ ಜನರನ್ನೇ ಕೇಳುವಂತೆ ಅಧಿಕಾರಿಯನ್ನು ಒಪ್ಪಿಸಿ, ಶಿಷ್ಯ ಗೆದ್ದ ಮುಖ ಹೊತ್ತು ಬಂದಿದ್ದ. ಅವನಿಗೆ ರೇಗಿತು. “ಪ್ರಶ್ನೆ ನಾವು ಹೇಳಿದಂತೆಯೇ ಇದೆ, ಗುರುಗಳೇ. ಕೇಳುವ ದಿನ ಯಾವುದಾದರೇನು?”

ಗುರುಗಳು ಕತೆ ಹೇಳಿದರು.

ಯುರೋಪಿನ ಅಂಚಿನಲ್ಲಿ ಒಂದು ಪುಟ್ಟ ದ್ವೀಪದೇಶ. ಅಲ್ಲೊಬ್ಬ ಮುದುಕ ಬೆಸ್ತ. ಅವನ ಬಾಲ್ಯದಲ್ಲಿ ದೊಡ್ಡ ಮಾತೇನಿದ್ದರೂ ಕಡಲ ದಡದಲ್ಲೇ ತೀರ್ಮಾನ. ದೋಣಿ ಇಳಿಸುವವನು ಒಂದು ಹುಟ್ಟುಗೋಲನ್ನು ಮರಳಲ್ಲಿ ನೆಟ್ಟು ಹೋಗಬೇಕು. ತಿರುಗಿ ಬಂದಾಗ ಕಿತ್ತುಕೊಳ್ಳಬೇಕು. ಒಂದೇ ಒಂದು ಹುಟ್ಟುಗೋಲು ನಿಂತಿದ್ದರೂ ಸಭೆ ಶುರುವಾಗುತ್ತಿರಲಿಲ್ಲ. ಹೆಂಗಸರು ಮೀನಿನ ಸಾರು ಒಲೆಯ ಮೇಲಿಟ್ಟು ಕಾಯುತ್ತಿದ್ದರು. ತಡವಾಗಿ ಬಂದವನಿಗೆ, “ಏನಪ್ಪಾ, ಮೀನುಗಳ ಮದುವೆಯಲ್ಲಿ ಊಟ ಮುಗಿಸಿಕೊಂಡು ಬಂದೆಯಾ?” ಎಂಬ ಮಂಗಳಾರತಿ. ಆ ನಗು ಮುದುಕನ ಕಿವಿಯಿಂದ ಹೋಗಿರಲಿಲ್ಲ. ಹುಟ್ಟುಗೋಲು ನೆಡುವುದನ್ನು ಅವನ ಮಗನೂ ಬಿಟ್ಟಿರಲಿಲ್ಲ.

ಯುರೋಪಿನ ದೊಡ್ಡ ದೇಶಗಳು ಒಂದು ಒಪ್ಪಂದ ತಂದವು. ಸಹಿ ಹಾಕಿದರೆ ದ್ವೀಪದ ಕಡಲಿಗೆ ಅವರ ಹಡಗುಗಳೂ ಬರುತ್ತವೆ. ಜನಮತ ಕೇಳಿಯೇ ಸಹಿ ಎಂದಿತು ಸರ್ಕಾರ. ಬೆಸ್ತರ ಪರವಾಗಿ ಮಾತಾಡಲು ಮುದುಕ ರಾಜಧಾನಿಗೆ ಹೋದ.

ಮಂತ್ರಿ ಬರೆಸಿಟ್ಟ ಪ್ರಶ್ನೆಯ ತುಂಬ ಸ್ನೇಹ, ಸಹಕಾರ. ಮುದುಕ ಮೇಜು ಗುದ್ದಿದ. “ಸಕ್ಕರೆ ಬೇಡ. ನಮ್ಮ ಕಡಲಿಗೆ ಪರರ ಹಡಗು ಬಿಡಬೇಕೇ, ಬೇಡವೇ? ಅಷ್ಟೇ ಕೇಳಿ.”

“ಆಗಲಿ ಅಜ್ಜ, ನೀವು ಹೇಳಿದ ಹಾಗೆಯೇ” ಎಂದ ಮಂತ್ರಿ. “ದಿನ ಗೊತ್ತುಮಾಡುವ ರಗಳೆ ಮಾತ್ರ ನಮಗಿರಲಿ.”

ಮುದುಕ ಹೂಂ ಅಂದ. ದೋಣಿಗಳು ಬರುವ ಮೊದಲು ಸಭೆ ಕೂಡಿದ್ದನ್ನು ಅವನು ಹುಟ್ಟಿದಾಗಿನಿಂದ ಕಂಡವನಲ್ಲ. ದಿನವನ್ನೂ ಜಗಳವಾಡಿ ಪಡೆಯಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಮೀನು ಉಕ್ಕುವ ತಿಂಗಳು ಬಂತು. ದೋಣಿಗಳೆಲ್ಲ ಆಳ ಸಮುದ್ರಕ್ಕೆ ಹೋದ ಮೇಲೆ ಸರ್ಕಾರ ದಿನ ಸಾರಿತು. ಮುದುಕ ರಾಜಧಾನಿಗೆ ಓಡಿದ. ಮಂತ್ರಿಯ ಬಾಗಿಲು ತೆರೆಯಲಿಲ್ಲ. ಪೇಟೆಯವರು ಮತ ಹಾಕಿದರು. ಒಪ್ಪಂದ ಗೆದ್ದಿತು. ಯಾರ ಮತವನ್ನೂ ಕದಿಯಲಿಲ್ಲ. ಕದಿಯುವ ಅಗತ್ಯವೇ ಬೀಳಲಿಲ್ಲ.

ಮುದುಕ ದಡದಲ್ಲಿ, ಸಾಲು ಹುಟ್ಟುಗೋಲುಗಳ ನಡುವೆ ಕುಳಿತಿದ್ದ. ಮೊದಲು ಬಂದದ್ದು ಮಗನ ದೋಣಿ. ಮಗ ನೀರಿಗೆ ಹಾರಿ, ನಗುತ್ತ ಬಂದು, ತನ್ನ ಹುಟ್ಟುಗೋಲು ಕಿತ್ತ.

“ಅಪ್ಪಾ, ಉಳಿದವರೂ ಹಿಂದೆಯೇ ಬರುತ್ತಿದ್ದಾರೆ. ಸಾರು ಇಡಿಸು. ಆ ಒಪ್ಪಂದದ ಮಾತು ಇವತ್ತೇ ತೀರಿಸಿಬಿಡೋಣ.”

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ನಿನ್ನ ಊರಿನವರು ಕಬ್ಬು ಕಡಿಯಲು ಗುಳೆ ಹೋಗುವುದು ಯಾವಾಗ ಎಂದು ಆ ಅಧಿಕಾರಿಗೆ ಗೊತ್ತು. ಎದ್ದೇಳು, ಜನ ಊರಲ್ಲಿರುವಾಗಲೇ ಸಭೆ ಕರೆಸು.”